22 ನಿಮಿಷದ ಕೆಲಸಕ್ಕೆ 9 ದಿನ: ಅಕ್ಕನ ಮನೆಯ ಒಂದು ಪ್ರಕರಣ

ಅದು ಅಪ್ಪನ ಆರೋಗ್ಯ ವಿಮೆ ನವೀಕರಣದ ಫಾರಂ. ಅಕ್ಕ ಅದನ್ನು ಲ್ಯಾಪ್‌ಟಾಪಿನಲ್ಲಿ ಐದು ಸಲ ತೆರೆದಳು. ಐದು ಸಲವೂ ಅರ್ಧಕ್ಕೆ ಬಿಟ್ಟು ಎದ್ದಳು. ಆರನೇ ಸಲ ಮುಗಿಯಿತು. ಆಗ ನಾನು ಪಕ್ಕದಲ್ಲೇ ಕೂತಿದ್ದೆ, ಗಡಿಯಾರ ನೋಡಿದೆ. ಕೆಲಸ ಹಿಡಿದದ್ದು 22 ನಿಮಿಷ. ಮೊದಲ ಸಲ ಕೈ ಹಾಕಿದ ದಿನದಿಂದ ಎಣಿಸಿದರೆ ಅದು 9ನೇ ದಿನ.

ಮೊದಲ ಐದು ಸಲ ಏನೇನಾಯಿತು ಅಂತ ಅವಳನ್ನೇ ಕೇಳಿ ಬರೆದುಕೊಂಡೆ. ಇಡೀ ಪ್ರಕರಣದ ಬೇರು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲ ದಿನ ಫಾರಂ ತೆರೆದಾಗ ಮೊದಲ ಖಾನೆಯೇ ಪಾಲಿಸಿ ನಂಬರು ಕೇಳಿತು. ಹಳೆಯ ಕಾಗದ ಯಾವ ಬ್ಯಾಗಿನಲ್ಲಿದೆ ಗೊತ್ತಿಲ್ಲ. ಹುಡುಕಲು ಎದ್ದಳು, ಅಷ್ಟರಲ್ಲಿ ಆಫೀಸಿನಿಂದ ಫೋನ್ ಬಂತು. ಮೂರನೇ ದಿನ ನಂಬರು ಕೈಯಲ್ಲಿತ್ತು. ಆದರೆ ಕಳೆದ ಸಲ ಆಸ್ಪತ್ರೆಗೆ ಹೋದ ತಾರೀಖು ಬೇಕಿತ್ತು. ಆ ಚೀಟಿ ಅಪ್ಪನ ಹತ್ತಿರ ಇತ್ತು, ಅಪ್ಪ ಮಲಗಿದ್ದರು. ನಾಲ್ಕನೇ ದಿನ ಎಲ್ಲ ತುಂಬಿಸಿದಳು. ಕೊನೆಗೆ ಓಟಿಪಿ ಹೋದದ್ದು ಭಾವನ ಫೋನಿಗೆ. ಭಾವ ಮೀಟಿಂಗಿನಲ್ಲಿದ್ದರು. ಅವರು ನೋಡಿ ನಂಬರು ಹೇಳುವಷ್ಟರಲ್ಲಿ ಪುಟ ತಾನಾಗಿಯೇ ಮುಚ್ಚಿಕೊಂಡಿತ್ತು, ತುಂಬಿಸಿದ್ದೆಲ್ಲ ಅಳಿಸಿಹೋಗಿತ್ತು. ಆರನೇ ದಿನ ಅಪ್ಪನ ಫೋಟೋ ಫೈಲು ದೊಡ್ಡದಾಯಿತು ಅಂತ ತಿರಸ್ಕಾರ. ಎಂಟನೇ ದಿನ ರಾತ್ರಿ ಹನ್ನೊಂದಕ್ಕೆ ಕೂತಳು, ಕಣ್ಣು ಎಳೆಯುತ್ತಿತ್ತು, ಹುಟ್ಟಿದ ವರ್ಷ ತಪ್ಪಾಗಿ ಹೊಡೆದಳು. ಎರಡು ಸಲ ಕೆಂಪು ಅಕ್ಷರ ಬಂದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ ಸುಮ್ನೆ ಕೂತುಬಿಟ್ಟಳು.

ಒಂಬತ್ತನೇ ದಿನ ಕೊನೆಯ ದಿನಾಂಕ. ಆ ದಿನ ಎಲ್ಲವನ್ನೂ ಮೇಜಿನ ಮೇಲೆ ಇಟ್ಟುಕೊಂಡು, ಭಾವನ ಫೋನನ್ನೂ ಪಕ್ಕದಲ್ಲಿಟ್ಟುಕೊಂಡು ಕೂತಳು. 22 ನಿಮಿಷ.

ಇದರಲ್ಲಿ ಸೋಮಾರಿತನ ಎಲ್ಲಿದೆ ಹೇಳಿ? ಐದು ಸಲ ಕೂತವಳು ಸೋಮಾರಿ ಅಲ್ಲ. ಆ ಐದು ಸಲಕ್ಕೆ ಹೋದ ಹೊತ್ತು ಸೇರಿಸಿದರೆ ಕಡಿಮೆ ಅಂದರೂ ಒಂದೂವರೆ ಗಂಟೆ ಆಗುತ್ತದೆ. ಸಮಯ ಇರಲಿಲ್ಲ ಅಂತಲೂ ಅಲ್ಲ. ಸಮಯ ಹೋದದ್ದು ಕೆಲಸ ಮಾಡುವುದರಲ್ಲಿ ಅಲ್ಲ, ಮತ್ತೆ ಮತ್ತೆ ಶುರು ಮಾಡುವುದರಲ್ಲಿ.

ಮನೆ ಮತ್ತು ಮೊದಲಿನ ಪ್ರಯತ್ನಗಳು

ಅಕ್ಕ ಒಂದು ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ, ಮನೆಯಿಂದಲೇ ಕೆಲಸ. ಭಾವ ಆಫೀಸಿಗೆ ಹೋಗುತ್ತಾರೆ. ಮಕ್ಕಳಿಬ್ಬರು, 11 ಮತ್ತು 7 ವರ್ಷ. ಅಪ್ಪ ಅವರ ಜೊತೆಗೇ ಇದ್ದಾರೆ. ನಾನು ಅಲ್ಲಿ ಮೂರು ವಾರ ಇದ್ದೆ. ಅಕ್ಕ ರಾತ್ರಿ ಹನ್ನೊಂದೂವರೆಗಿಂತ ಮೊದಲು ಮಲಗಿದ್ದನ್ನು ನೋಡಲಿಲ್ಲ. ಹಾಗಿದ್ದರೂ ದಿನದ ಕೊನೆಗೆ ಅವಳ ಬಾಯಲ್ಲಿ ಬರುತ್ತಿದ್ದ ಮಾತು ಒಂದೇ: "ಇವತ್ತು ಏನೂ ಆಗಲಿಲ್ಲ."

ಅವಳು ಕೈ ಕಟ್ಟಿ ಕೂತಿರಲಿಲ್ಲ. ಅರ್ಧರ್ಧ ಗಂಟೆಯ ಚೌಕ ಹಾಕಿ ವೇಳಾಪಟ್ಟಿ ಮಾಡಿದ್ದಳು, ಅದು ನಾಲ್ಕು ದಿನ ನಡೆಯಿತು. ಬೆಳಿಗ್ಗೆ ಐದಕ್ಕೆ ಏಳುವ ಪ್ರಯೋಗ ಎರಡು ವಾರ ನಡೆಯಿತು. ಮಲಗುವುದು ಅದೇ ಹನ್ನೊಂದೂವರೆ ಆಗಿದ್ದರಿಂದ ನಿದ್ದೆ ಕಡಿಮೆಯಾಯಿತು, ಲೆಕ್ಕದಲ್ಲಿ ತಪ್ಪು ಬರತೊಡಗಿತು. ಆ ತಪ್ಪು ಹುಡುಕಲು ಮತ್ತೆ ರಾತ್ರಿ ಕೂರಬೇಕಾಯಿತು. ಫೋನಿನಲ್ಲಿ ಕೆಲಸದ ಪಟ್ಟಿಯ ಆ್ಯಪ್ ಕೂಡ ಹಾಕಿಕೊಂಡಿದ್ದಳು. ಅದರಲ್ಲಿ ಮುಕ್ಕಾಲು ಪಾಲು ಕೆಂಪು ಬಣ್ಣಕ್ಕೆ ತಿರುಗಿದ ಮೇಲೆ ತೆರೆಯುವುದನ್ನೇ ಬಿಟ್ಟಳು.

ಮೂರೂ ಪ್ರಯತ್ನಗಳಲ್ಲಿ ಒಂದೇ ನಂಬಿಕೆ ಇತ್ತು: ಸಮಯ ಸಾಲುತ್ತಿಲ್ಲ, ಎಲ್ಲಿಂದಾದರೂ ಇನ್ನಷ್ಟು ಹಿಂಡಬೇಕು. ಆ ನಂಬಿಕೆಯನ್ನೇ ಮೊದಲು ಪರೀಕ್ಷಿಸಬೇಕು ಅಂತ ನಾನು ಹಟ ಹಿಡಿದೆ.

ನಾಲ್ಕು ದಿನದ ನೋಟ್‌ಬುಕ್

ವಿಧಾನ ತೀರಾ ಸುಲಭ. ಒಂದು ಚಿಕ್ಕ ನೋಟ್‌ಬುಕ್, ಒಂದು ಪೆನ್ನು. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗಲೆಲ್ಲ ಗಂಟೆ ಬರೆದು, ಪಕ್ಕದಲ್ಲಿ ಎರಡು ಪದ. ಅಷ್ಟೇ. ಮಾಡಬೇಕು ಅಂದುಕೊಂಡದ್ದನ್ನು ಬರೆಯುವ ಹಾಗಿಲ್ಲ, ಮಾಡಿದ್ದನ್ನು ಮಾತ್ರ. ಹಾಗೆಯೇ ಯಾವುದೇ ಕೆಲಸ ಶುರು ಮಾಡುವ ಮೊದಲು "ಎಷ್ಟು ನಿಮಿಷ ಆಗಬಹುದು" ಅಂತ ಒಂದು ಅಂದಾಜು.

ಎರಡನೇ ದಿನ ಬೆಳಿಗ್ಗೆ ಒಂಬತ್ತರಿಂದ ಒಂದರ ತನಕ 41 ಸಾಲು ಇತ್ತು. ನಾಲ್ಕು ಗಂಟೆಯಲ್ಲಿ 41 ಸಲ ಕೆಲಸ ಬದಲು. ಅಂದರೆ ಸುಮಾರು ಆರು ನಿಮಿಷಕ್ಕೊಮ್ಮೆ. ಅಕ್ಕ ಆ ಪುಟವನ್ನು ತುಂಬಾ ಹೊತ್ತು ನೋಡುತ್ತಾ ಕೂತಳು. "ನಾನು ಬೆಳಿಗ್ಗೆಯಿಡೀ ಲೆಕ್ಕ ಮಾಡ್ತಿದ್ದೆ ಅಂದ್ಕೊಂಡಿದ್ದೆ" ಅಂದಳು.

ನಾನು ಎಲ್ಲದಕ್ಕೂ ಫೋನೇ ಕಾರಣ ಇರಬೇಕು ಅಂದುಕೊಂಡಿದ್ದೆ. ಹಾಗಿರಲಿಲ್ಲ. ಫೋನಿನ ಪಾಲು ಅರ್ಧಕ್ಕಿಂತ ಕಡಿಮೆ. ಉಳಿದದ್ದೆಲ್ಲ ಮನೆಯೊಳಗಿನದು. ನೀಲಿ ಶರ್ಟು ಎಲ್ಲಿ, ಮಾತ್ರೆ ತಗೊಂಡ್ನಾ, ಚಾರ್ಜರ್ ಯಾರು ತಗೊಂಡ್ರು. ಇನ್ನು ಕೆಲವು ಸಲ ಯಾರೂ ಕರೆದೇ ಇರಲಿಲ್ಲ. ಅವಳಿಗೇ ಏನೋ ನೆನಪಾಗಿ, ಮರೆತುಹೋದೀತು ಅಂತ ತಕ್ಷಣ ಎದ್ದು ಹೋಗಿದ್ದಳು. ಈ ಮೂರನೆಯ ಬಗೆಯನ್ನು ನಾನು ಊಹಿಸಿರಲಿಲ್ಲ. 41ರಲ್ಲಿ 12 ಸಲ ಅವಳನ್ನು ಎಬ್ಬಿಸಿದ್ದು ಅವಳದೇ ನೆನಪು.

ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ಇದರ ಒಂದು ಮುಖವನ್ನು ಪ್ರಯೋಗದಲ್ಲಿ ತೋರಿಸಿದ್ದಾರೆ. ಮುಗಿಯದ ಕೆಲಸ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಅಂಟಿಕೊಂಡಿರುತ್ತದೆ. ಅದರಿಂದ ಹೊಸ ಕೆಲಸ ಹಾಳಾಗುತ್ತದೆ. ಅಕ್ಕನ ನೋಟ್‌ಬುಕ್ಕಿನಲ್ಲಿ ಅದು ಕಣ್ಣಿಗೆ ಕಾಣುವ ಹಾಗಿತ್ತು. ಒಂದೇ ಬಿಲ್ಲಿನ ಮೊತ್ತವನ್ನು ಅವಳು ಮೂರು ಸಲ ಕೂಡಿಸಿದ್ದಳು, ಪ್ರತಿ ಸಲವೂ ನಡುವೆ ಎದ್ದು ಬಂದ ಮೇಲೆ.

ಅಂದಾಜಿನ ಕತೆ ಇನ್ನೊಂದು. ಮನೆಯ ಯಾವ ಕೆಲಸಕ್ಕೂ ಅಕ್ಕ ಬರೆದಿದ್ದು "10 ನಿಮಿಷ". ಬ್ಯಾಂಕಿನ ಕೆಲಸಕ್ಕೂ 10, ಮಗಳ ಪ್ರಾಜೆಕ್ಟಿಗೂ 10. ನಿಜಕ್ಕೂ ಹಿಡಿದದ್ದು 25, 40, ಒಂದಕ್ಕೆ ಒಂದು ಗಂಟೆ 10 ನಿಮಿಷ. ಇದು ಅವಳೊಬ್ಬಳ ದೋಷ ಅಲ್ಲ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲೇ ಇದಕ್ಕೆ "ಪ್ಲಾನಿಂಗ್ ಫ್ಯಾಲಸಿ" (ಯೋಜನೆಯ ತಪ್ಪೆಣಿಕೆ) ಅಂತ ಹೆಸರಿಟ್ಟಿದ್ದಾರೆ. ಇಂಥ ಕೆಲಸ ಹಿಂದೆಲ್ಲ ತಡವಾಗಿದೆ ಅಂತ ಗೊತ್ತಿದ್ದರೂ ಈ ಸಲ ಬೇಗ ಮುಗಿಯುತ್ತದೆ ಅಂತಲೇ ನಾವು ಎಣಿಸುತ್ತೇವೆ. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನದಲ್ಲಿ ಮುಗಿಯುತ್ತದೆ ಅಂದಿದ್ದರು. ಹಿಡಿದದ್ದು 55 ದಿನಕ್ಕೂ ಜಾಸ್ತಿ. ಎಲ್ಲವೂ ಕೆಟ್ಟರೆ ಎಷ್ಟಾಗಬಹುದು ಅಂತ ಕೇಳಿದಾಗಲೂ ಅವರು ಹೇಳಿದ್ದು ಸುಮಾರು 49.

ಅಕ್ಕನ ಮಟ್ಟಿಗೆ ಈ "10 ನಿಮಿಷ" ತುಂಬಾ ನೋವು ಕೊಡುತ್ತಿತ್ತು. ಹತ್ತು ನಿಮಿಷದ ಕೆಲಸ ಅಂತ ಎರಡು ಮೀಟಿಂಗುಗಳ ನಡುವಿನ ಸಂದಿಯಲ್ಲಿ ತುರುಕುತ್ತಿದ್ದಳು. ಅದು ಅಲ್ಲಿ ಹಿಡಿಸುತ್ತಿರಲಿಲ್ಲ. ಅರ್ಧಕ್ಕೆ ನಿಲ್ಲುತ್ತಿತ್ತು. ಆಮೇಲೆ "ಹತ್ತು ನಿಮಿಷದ್ದೂ ನನ್ನ ಕೈಲಿ ಆಗಲ್ಲ" ಅಂತ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

34 ಸಾಲುಗಳು

ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಕೂತು ಅವಳ ತಲೆಯಲ್ಲಿದ್ದ, ಶುರುವಾಗಿ ಮುಗಿಯದ ಅಥವಾ ಶುರುವಾಗಬೇಕಿದ್ದ ಎಲ್ಲವನ್ನೂ ಬರೆದೆವು. ಆಫೀಸಿನದು ಬಿಟ್ಟು, ಮನೆಯದಷ್ಟೇ. 34 ಸಾಲು ಆಯಿತು. ನೋಟ್‌ಬುಕ್ಕಿನ ಪ್ರಕಾರ ಇಂಥ ಕೆಲಸ ಅವಳು ಮುಗಿಸುತ್ತಿದ್ದದ್ದು ದಿನಕ್ಕೆ ಸುಮಾರು ಎರಡು. ಮುಗಿದಷ್ಟೇ ಹೊಸದು ಬರುತ್ತಿತ್ತು.

ಸಾಲಿನಲ್ಲಿ ಕಾಯುವುದರ ಬಗ್ಗೆ ಒಂದು ಸರಳ ಸೂತ್ರ ಇದೆ. ಜಾನ್ ಲಿಟಲ್ 1961ರಲ್ಲಿ ಅದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಒಳಗೆ ಎಷ್ಟು ಇವೆ ಅನ್ನುವುದನ್ನು ದಿನಕ್ಕೆ ಎಷ್ಟು ಹೊರಹೋಗುತ್ತವೆ ಅನ್ನುವುದರಿಂದ ಭಾಗಿಸಿ. ಒಂದೊಂದಕ್ಕೆ ಸರಾಸರಿ ಎಷ್ಟು ದಿನ ಹಿಡಿಯುತ್ತದೆ ಅಂತ ಸಿಗುತ್ತದೆ. 34 ಭಾಗಿಸು 2, ಅಂದರೆ 17 ದಿನ. ಅಕ್ಕ ಎಷ್ಟೇ ಚುರುಕಾಗಿದ್ದರೂ ಹೊಸದಾಗಿ ಬಂದ ಒಂದು ಚಿಕ್ಕ ಕೆಲಸ ಮುಗಿಯಲು ಸರಾಸರಿ ಎರಡು ವಾರದ ಮೇಲೆ. ಹಾಗೆ ನೋಡಿದರೆ ವಿಮೆಯ ಫಾರಂ 9 ದಿನಕ್ಕೆ ಮುಗಿದದ್ದೇ ಬೇಗ.

ಈ ಲೆಕ್ಕ ಅಕ್ಕನಿಗೆ ತಟ್ಟಿತು. ಲೆಕ್ಕದವಳು ಅಲ್ವಾ. ಕೈ ಜೋರು ಮಾಡುವುದು ಒಂದು ದಾರಿ. ಒಳಗಿರುವ ಸಂಖ್ಯೆ ಇಳಿಸುವುದು ಇನ್ನೊಂದು. ಮೊದಲನೆಯದನ್ನು ಅವಳು ವರ್ಷಗಟ್ಟಲೆ ಮಾಡಿ ಸುಸ್ತಾಗಿದ್ದಳು. ಎರಡನೆಯದನ್ನು ಯಾವತ್ತೂ ಮಾಡಿರಲಿಲ್ಲ.

34ರಲ್ಲಿ 6 ಕೆಲಸಗಳನ್ನು ಅಲ್ಲೇ ಗೀಟು ಹಾಕಿ ಹೊಡೆದೆವು. ಹಳೆಯ ಫೋಟೋಗಳನ್ನೆಲ್ಲ ವರ್ಷವಾರು ಜೋಡಿಸುವುದು ಅದರಲ್ಲೊಂದು, ಮೂರು ವರ್ಷದಿಂದ ಅವಳ ಮನಸ್ಸಿನ ಮೇಲೆ ಕೂತಿತ್ತು. 5 ಕೆಲಸ ನಿಜಕ್ಕೂ ಚಿಕ್ಕವು, ಅದೇ ಮಧ್ಯಾಹ್ನ ಒಂದೇ ಕೂತಲ್ಲಿ ಮುಗಿದವು. 8 ಕೆಲಸ ಭಾವನಿಗೆ ಹೋದವು. ಉಳಿದದ್ದು 15.

"ಹೇಳಿದ್ರೆ ಮಾಡ್ತೀನಿ"

ಭಾವನಿಗೆ ಹೋದ ಆ 8ರ ಬಗ್ಗೆ ಹೇಳಲೇಬೇಕು. ನನ್ನ ಪ್ರಕಾರ ಅತಿ ದೊಡ್ಡ ಬದಲಾವಣೆ ಆದದ್ದು ಅಲ್ಲೇ.

ಭಾವ ಕೆಲಸಗಳ್ಳ ಅಲ್ಲ. ಏನು ಹೇಳಿದರೂ ಮಾಡುತ್ತಾರೆ. ತೊಂದರೆ ಇದ್ದದ್ದು ಆ "ಹೇಳಿದರೂ" ಅನ್ನುವುದರಲ್ಲಿ. ಹೇಳಬೇಕಾದರೆ ಅಕ್ಕ ಮೊದಲು ಅದನ್ನು ನೆನಪಿಟ್ಟುಕೊಳ್ಳಬೇಕು, ಯಾವಾಗ ಬೇಕು ಅಂತ ಯೋಚಿಸಬೇಕು, ಆಮೇಲೆ ಆಯಿತಾ ಅಂತ ವಿಚಾರಿಸಬೇಕು. ಕೈ ಕೆಲಸ ಭಾವನದು, ತಲೆ ಕೆಲಸ ಅಕ್ಕನದೇ. ಸಮಾಜಶಾಸ್ತ್ರಜ್ಞೆ ಆ್ಯಲಿಸನ್ ಡ್ಯಾಮಿಂಜರ್ 35 ದಂಪತಿಗಳನ್ನು ಮಾತನಾಡಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ತಲೆ ಕೆಲಸವನ್ನು ನಾಲ್ಕು ತುಂಡು ಮಾಡಿ ತೋರಿಸಿದ್ದಾರೆ. ಮುಂದೆ ಏನು ಬೇಕಾಗುತ್ತದೆ ಅಂತ ಮೊದಲೇ ಕಾಣುವುದು, ಏನೇನು ದಾರಿ ಇದೆ ಅಂತ ನೋಡುವುದು, ತೀರ್ಮಾನ ಮಾಡುವುದು, ಆಯಿತಾ ಅಂತ ಗಮನಿಸುವುದು. ಮೊದಲನೆಯದು ಮತ್ತು ಕೊನೆಯದು ಹೆಚ್ಚಾಗಿ ಹೆಂಗಸರ ಪಾಲಿಗೇ ಬೀಳುತ್ತಿತ್ತು.

ಹಾಗಾಗಿ ಈ ಸಲ ತುಂಡು ಮಾಡಿ ಕೊಡಲಿಲ್ಲ, ಇಡಿಯಾಗಿ ಕೊಟ್ಟೆವು. ಮಕ್ಕಳ ಡಾಕ್ಟರ ವಿಷಯ ಭಾವನದು ಅಂದರೆ ತಾರೀಖು ನೆನಪಿಡುವುದು, ಫೋನ್ ಮಾಡುವುದು, ಕರೆದುಕೊಂಡು ಹೋಗುವುದು, ಮುಂದಿನ ಸಲ ಯಾವಾಗ ಅಂತ ಬರೆದಿಡುವುದು, ಎಲ್ಲವೂ. ಅಕ್ಕ ಕೇಳುವ ಹಾಗಿಲ್ಲ, ನೆನಪಿಸುವ ಹಾಗೂ ಇಲ್ಲ.

ಎರಡನೇ ವಾರದಲ್ಲೇ ಮಗನ ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್ ತಪ್ಪಿಹೋಯಿತು. ಭಾವನಿಗೆ ಮರೆತಿತ್ತು. ಅಕ್ಕನಿಗೆ ನೆನಪಿತ್ತು. ಬೆಳಿಗ್ಗೆಯಿಂದ ಅವಳ ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಹೇಳಲಿಲ್ಲ. ಆ ಸಂಜೆ ಅವಳ ಮುಖ ನೋಡಬೇಕಿತ್ತು. ಮಗನಿಗೆ ಹಲ್ಲು ನೋಯುತ್ತಿರಲಿಲ್ಲ, ಮಾಮೂಲಿ ತಪಾಸಣೆ ಅಷ್ಟೇ. ಹಾಗಿದ್ದರೂ ತಾಯಿಯ ಮನಸ್ಸು. "ಇದನ್ನ ನಾನೇ ವಾಪಸ್ ತಗೊಂಡ್ಬಿಡ್ಲಾ?" ಅಂತ ನನ್ನನ್ನು ಕೇಳಿದಳು. ಬೇಡ ಅಂದೆ. ವಾಪಸ್ ತಗೊಂಡರೆ ಬಾಕಿ ಏಳೂ ಅದರ ಹಿಂದೆಯೇ ಬರುತ್ತವೆ. ಭಾವ ಮರುದಿನ ತಾವೇ ಫೋನ್ ಮಾಡಿ ಹೊಸ ತಾರೀಖು ತಗೊಂಡರು. ತಮ್ಮ ಫೋನಿನಲ್ಲಿ ಹಿಂದಿನ ದಿನಕ್ಕೊಂದು, ಅದೇ ದಿನ ಬೆಳಿಗ್ಗೆಗೊಂದು ಅಲಾರಂ ಇಟ್ಟರು. ಆಮೇಲೆ ತಪ್ಪಿಲ್ಲ. ಕೆಲಸವನ್ನು ಬೇರೆಯವರಿಗೆ ಕೊಟ್ಟಾಗ ಅದು ಒಂದು ಸಲ ಕೆಡುವುದಕ್ಕೂ ಜಾಗ ಬಿಟ್ಟುಕೊಡಬೇಕಾಗುತ್ತದೆ. ಇದು ಕಷ್ಟ, ಒಪ್ಪುತ್ತೇನೆ. ಔಷಧಿಯಂಥ ವಿಷಯದಲ್ಲಿ ಹೀಗೆ ಬಿಡಲು ಆಗುವುದಿಲ್ಲ. ಅಪ್ಪನ ಮಾತ್ರೆಗಳ ಜವಾಬ್ದಾರಿಯನ್ನು ಅಕ್ಕ ಭಾವನಿಗೆ ಕೊಡಲೇ ಇಲ್ಲ, ತನ್ನ ಹತ್ತಿರವೇ ಇಟ್ಟುಕೊಂಡಳು. ಅದು ಸರಿಯೇ.

ಸಾಮಾನು ಮೊದಲು, ಕೆಲಸ ಆಮೇಲೆ

ಉಳಿದ 15ಕ್ಕೆ ಎರಡು ನಿಯಮ ಮಾಡಿಕೊಂಡೆವು. ಎರಡೂ ಆ ವಿಮೆ ಫಾರಂ ಕಲಿಸಿದ್ದೇ.

ಪಟ್ಟಿಯಲ್ಲಿ ಕೆಲಸದ ಹೆಸರು ಬರೆಯಬಾರದು, ಮುಂದಿನ ಹೆಜ್ಜೆ ಬರೆಯಬೇಕು. "ವಿಮೆ" ಅಂತ ಬರೆದರೆ ಅದು ಕೆಲಸ ಅಲ್ಲ, ಚಿಂತೆ. "ಹಸಿರು ಫೈಲಿನಿಂದ ಪಾಲಿಸಿ ಕಾಗದ ತೆಗೆದು ಮೇಜಿನ ಮೇಲಿಡು" ಅಂದರೆ ಕೈಗೆ ಗೊತ್ತಾಗುತ್ತದೆ ಏನು ಮಾಡಬೇಕು ಅಂತ. ಇದರ ಜೊತೆಗೆ ಯಾವಾಗ, ಎಲ್ಲಿ ಅನ್ನುವುದೂ ಸೇರಬೇಕು. "ಬುಧವಾರ ಮಧ್ಯಾಹ್ನದ ಊಟ ಆದ ತಕ್ಷಣ, ಅಪ್ಪನ ಕೋಣೆಯ ಮೇಜಿನಲ್ಲಿ." ಹೀಗೆ "ಇದಾದ ಕೂಡಲೇ ಅದು" ಅಂತ ಕಟ್ಟಿದ ನಿರ್ಧಾರ ಬರೀ "ಮಾಡ್ತೀನಿ" ಅನ್ನುವ ನಿರ್ಧಾರಕ್ಕಿಂತ ಹೆಚ್ಚು ನಡೆಯುತ್ತದೆ ಅಂತ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1990ರ ದಶಕದಿಂದ ತೋರಿಸುತ್ತಾ ಬಂದಿದ್ದಾರೆ.

ಎರಡನೆಯದು, ಬೇಕಾದದ್ದೆಲ್ಲ ಕೈಗೆ ಬರುವವರೆಗೆ ಕೂರಬಾರದು. ಒಂದೊಂದು ಕಾಗದದ ಕೆಲಸಕ್ಕೂ ಒಂದು ಪ್ಲಾಸ್ಟಿಕ್ ಕವರ್. ನಂಬರು, ಚೀಟಿ, ಚಿಕ್ಕದು ಮಾಡಿದ ಫೋಟೋ ಫೋನಿನ ಯಾವ ಜಾಗದಲ್ಲಿದೆ, ಓಟಿಪಿ ಯಾರ ಫೋನಿಗೆ ಹೋಗುತ್ತದೆ, ಎಲ್ಲ ಅದರ ಮೇಲೆ ಬರೆದಿರಬೇಕು. ಕವರ್ ತುಂಬಿಸುವುದು ಬಿಡಿ ಹೊತ್ತಿನ ಕೆಲಸ, ಮೂರು ನಿಮಿಷ ಸಿಕ್ಕರೂ ಒಂದು ಚೀಟಿ ಹುಡುಕಬಹುದು. ಫಾರಂ ತುಂಬುವುದು ಬಿಡಿ ಹೊತ್ತಿನ ಕೆಲಸ ಅಲ್ಲ. ಅದಕ್ಕೆ ಬುಧವಾರ ಮತ್ತು ಶನಿವಾರ ಒಂದೊಂದು ಗಂಟೆ. ಆ ಗಂಟೆಯಲ್ಲಿ ತುಂಬಿದ ಕವರ್‌ಗಳಿಗೆ ಮಾತ್ರ ಜಾಗ.

ಮುಗಿದ ಮೇಲೆ ಕವರಿನ ಮೇಲೆ ಹಿಡಿದ ನಿಮಿಷ ಬರೆಯುತ್ತಾಳೆ. ಮುಂದಿನ ಸಲದ ಅಂದಾಜು ಅದೇ. "10 ನಿಮಿಷ" ಹೋಯಿತು.

ಇನ್ನು ಅವಳನ್ನು ಎಬ್ಬಿಸುತ್ತಿದ್ದ ಅವಳದೇ ನೆನಪುಗಳು. ಅದಕ್ಕೆ ಲ್ಯಾಪ್‌ಟಾಪ್ ಪಕ್ಕ ಒಂದು ಕಾಗದ. ನೆನಪಾದ ಕೂಡಲೇ ಬರೆದು, ಪಕ್ಕದಲ್ಲಿ ಯಾವತ್ತು ಅಂತ ಹಾಕಿ, ಕೂತ ಕೆಲಸಕ್ಕೆ ವಾಪಸ್. ಮೊದಮೊದಲು ಅವಳಿಗೆ ನಂಬಿಕೆ ಇರಲಿಲ್ಲ. ಆದರೆ ಇದು ಕೆಲಸ ಮಾಡುತ್ತದೆ. ಮನಶ್ಶಾಸ್ತ್ರಜ್ಞರಾದ ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮುಗಿಯದ ಕೆಲಸ ಮನಸ್ಸನ್ನು ಕೆದಕುವುದು ನಿಲ್ಲಲು ಕೆಲಸ ಮುಗಿಯಲೇಬೇಕು ಅಂತಿರಲಿಲ್ಲ. ಹೇಗೆ, ಯಾವಾಗ ಮಾಡುವುದು ಅಂತ ಗಟ್ಟಿಯಾಗಿ ಗೊತ್ತುಮಾಡಿದರೂ ಸಾಕಾಗಿತ್ತು.

ಎಲ್ಲವೂ ಹಿಡಿಸಲಿಲ್ಲ. 25 ನಿಮಿಷದ ಟೈಮರ್ ಇಟ್ಟು ನೋಡಿದೆವು. ಲೆಕ್ಕದ ನಡುವೆ ಗಂಟೆ ಬಾರಿಸಿ ಅವಳ ಎಣಿಕೆಯನ್ನೇ ಕೆಡಿಸಿತು, ಮೂರನೇ ದಿನ ಬಿಟ್ಟೆವು. ಮೊದಲ ಶನಿವಾರದ ಗಂಟೆ ಮನೆಗೆ ಬಂದವರ ಜೊತೆ ಮಾತಿನಲ್ಲೇ ಕಳೆಯಿತು. ಬಂದವರನ್ನು ಕಳಿಸುವಂತಿಲ್ಲ, ಹಾಗಾಗಿ ಆ ಗಂಟೆಯನ್ನು ಬೆಳಿಗ್ಗೆ ಏಳಕ್ಕೆ ತಂದಳು.

ಹತ್ತು ವಾರದ ಮೇಲೆ

ಹತ್ತು ವಾರ ಆದ ಮೇಲೆ ಅಕ್ಕ ಮತ್ತೆ ನಾಲ್ಕು ದಿನ ನೋಟ್‌ಬುಕ್ ಬರೆದು, ಪುಟಗಳ ಫೋಟೋ ಕಳಿಸಿದಳು. ಬೆಳಿಗ್ಗೆಯ ನಾಲ್ಕು ಗಂಟೆಯಲ್ಲಿ 41 ಇದ್ದದ್ದು 23ಕ್ಕೆ ಇಳಿದಿತ್ತು. ಅವಳ ನೆನಪೇ ಅವಳನ್ನು ಎಬ್ಬಿಸಿದ್ದು 12ರ ಬದಲು 3 ಸಲ. ಪಟ್ಟಿಯಲ್ಲಿ 13 ಸಾಲು. ದಿನಕ್ಕೆ ಮುಗಿಯುವುದು ಈಗಲೂ ಸುಮಾರು ಎರಡೇ, ಅವಳ ಕೈಯ ವೇಗ ಬದಲಾಗಿಲ್ಲ. ಆದರೆ 17 ದಿನ ಕಾಯುತ್ತಿದ್ದ ಕೆಲಸ ಈಗ ಆರೇಳು ದಿನಕ್ಕೆ ಮುಗಿಯುತ್ತಿದೆ. ಮಲಗುವುದು ಹತ್ತೂಮುಕ್ಕಾಲು.

ಸಂಜೆ ನಾಲ್ಕರಿಂದ ಆರು ಮಾತ್ರ ಹಾಗೇ ಇದೆ. ಮಕ್ಕಳು ಮನೆಗೆ ಬರುವ ಹೊತ್ತು, ಆಫೀಸಿನ ದಿನದ ಲೆಕ್ಕ ಮುಚ್ಚುವ ಹೊತ್ತೂ ಅದೇ. ಆ ಎರಡು ಗಂಟೆಯ ಪುಟ ಮೊದಲಿನಷ್ಟೇ ತುಂಬಿತ್ತು. ಇದನ್ನು ಮನೆಯೊಳಗಿನ ಯಾವ ನಿಯಮದಿಂದಲೂ ಸರಿಪಡಿಸಲು ಆಗುವುದಿಲ್ಲ ಅಂತ ನನಗನ್ನಿಸುತ್ತದೆ, ಆಫೀಸಿನ ಹೊತ್ತೇ ಸರಿಯಬೇಕು. ಲೆಕ್ಕ ಮುಚ್ಚುವುದನ್ನು ಮೂರೂವರೆಗೆ ತರಲು ಆಗುತ್ತದಾ ಅಂತ ಅಕ್ಕ ಮೇಲಿನವರನ್ನು ಕೇಳಿದ್ದಾಳೆ. ಕೇಳುವಾಗ ನೋಟ್‌ಬುಕ್ಕಿನ ಆ ಪುಟಗಳನ್ನೇ ತೋರಿಸಿದಳಂತೆ. ಒಂದು ತಿಂಗಳು ನೋಡೋಣ ಅಂದಿದ್ದಾರೆ. ಸೋಮವಾರದಿಂದ ಶುರು.